ಮಿಕ್ಸಿಯ ತಳದ ಕೆಂಪು ಗುಂಡಿ

ಮಗಳೇ,

ನೀನು ಕಳಿಸಿದ್ದ ಲಿಂಕುಗಳನ್ನೆಲ್ಲ ತೆರೆದು ಓದಿದೆ. ಎರಡು ದಿನ ಅದೇ ಕೆಲಸ. ನಿನ್ನ ದೊಡ್ಡಮ್ಮನೂ ಪಕ್ಕದಲ್ಲಿ ಕೂತು ಓದಿದಳು. ಒಂದು ಕಡೆ ನಿಲ್ಲಿಸಿ ‘ಇದು ನಮ್ಮ ಹುಡುಗಿ ಬರೆದದ್ದೇ’ ಅಂದಳು, ಇನ್ನೊಂದು ಕಡೆ ‘ಇದು ಅವಳದ್ದಲ್ಲ’ ಅಂದಳು. ಆ ಮಾತಿಗೆ ಆಮೇಲೆ ಬರುತ್ತೇನೆ. 8 ತಿಂಗಳಲ್ಲಿ 180 ಲೇಖನ, ಅದೂ ಕನ್ನಡದಲ್ಲಿ, ಹಗಲು ಆಫೀಸಿನ ಕೆಲಸ ಮುಗಿಸಿ ರಾತ್ರಿ ಕೂತು ಬರೆದಿದ್ದೀಯ. ಅಷ್ಟು ಶ್ರಮ ಸುಮ್ಮನೆ ಹೋಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ. ‘ಜನ ಬರ್ತಾರೆ ದೊಡ್ಡಪ್ಪ, ನೋಡ್ತಾರೆ, ಹೋಗ್ತಾರೆ. ಯಾರೂ ಕೊಳ್ಳಲ್ಲ’ ಅಂತ ಫೋನಿನಲ್ಲಿ ಹೇಳಿದೆಯಲ್ಲ, ನಿನ್ನ ದನಿ ಕೇಳಿ ಮನಸ್ಸಿಗೆ ಕಷ್ಟವಾಯಿತು.

ನಿನ್ನ ಈ ಕೆಲಸಕ್ಕೆ ಅಫಿಲಿಯೇಟ್ ಅನ್ನುವ ಹೆಸರು ಹೊಸದು, ವ್ಯವಹಾರ ಹಳೆಯದು. ಮಾಲು ಒಬ್ಬರದು, ಕೊಳ್ಳುವವರು ಇನ್ನೊಬ್ಬರು, ನಡುವೆ ದಾರಿ ತೋರಿಸಿದವರಿಗೆ ಕಮಿಷನ್. ಅಮೆಜಾನ್ 1996ರಲ್ಲಿ ಪುಸ್ತಕ ಮಾರುವುದಕ್ಕೆ ಈ ಪದ್ಧತಿ ಇಟ್ಟುಕೊಂಡಿತು. ನಮ್ಮ ದಾವಣಗೆರೆ ಮಂಡಿಪೇಟೆಯಲ್ಲಿ ಅದಕ್ಕೂ ಎಷ್ಟೋ ಮೊದಲಿನಿಂದ ದಲಾಲಿ ನಡೆದೇ ಇತ್ತು. ನಾನು 31 ವರ್ಷ ಅದೇ ಪೇಟೆಯಲ್ಲಿ ಮಿಕ್ಸಿ, ಗ್ರೈಂಡರ್, ಕುಕ್ಕರ್, ಗ್ಯಾಸ್ ಒಲೆ ಮಾರಿದವನು. ನೀನು ವೆಬ್‌ಸೈಟ್ ಶುರು ಮಾಡಿದ ದಿನದಿಂದ ಈ ಆನ್‌ಲೈನ್ ಕಮಿಷನ್ನಿನ ಕರಾರುಗಳನ್ನೂ ಕೂತು ಓದಿಕೊಂಡಿದ್ದೇನೆ. ಎರಡಕ್ಕೂ ನಡುವೆ ನನಗೆ ದೊಡ್ಡ ಅಂತರ ಕಾಣಲಿಲ್ಲ.

ಒಂದು ಘಟನೆ ಹೇಳುತ್ತೇನೆ. 1998ರ ಬೇಸಿಗೆ. ಹರಿಹರದ ಕಡೆಯ ಹೆಣ್ಣುಮಗಳೊಬ್ಬಳು ಗೋಣಿಚೀಲದಲ್ಲಿ ಮಿಕ್ಸಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ‘ಸುಟ್ಟೋಗೇತಿ, ಹೊಸಾದು ಕೊಡ್ರಿ’ ಅಂದಳು. ದುಡ್ಡು ಸೆರಗಿನ ತುದಿಗೆ ಗಂಟು ಹಾಕಿತ್ತು. ಮೇಲೆ ಶೆಲ್ಫಿನಲ್ಲಿ ಹೊಸ ಮಿಕ್ಸಿ ಇಳಿಸುವುದಕ್ಕೆ ಹುಡುಗ ಆಗಲೇ ಏಣಿ ಹತ್ತಿದ್ದ. ನಾನು ಹಳೆಯದನ್ನು ಮೂಸಿ ನೋಡಿದೆ. ಕಾಯ್ಲ್ ಸುಟ್ಟ ವಾಸನೆ ಇರಲಿಲ್ಲ. ಬೋರಲು ಹಾಕಿದರೆ ತಳದ ಕೆಂಪು ಗುಂಡಿ ಹೊರಗೆ ಬಂದಿತ್ತು. ‘ಏನು ಹಾಕಿದ್ರಿ ತಾಯಿ?’ ಅಂದೆ. ಅರಿಶಿಣದ ಕೊಂಬು. ಒಣಗಿದ ಕೊಂಬನ್ನು ಕುಟ್ಟದೆ ಇಡಿಯಾಗಿ ಜಾರಿಗೆ ಸುರಿದು ತಿರುಗಿಸಿದ್ದಳು. ಮೋಟಾರಿಗೆ ಭಾರ ತಡೆಯಲಾಗದೆ ಓವರ್‌ಲೋಡ್ ಸ್ವಿಚ್ ಕಡಿದುಕೊಂಡಿತ್ತು, ಅಷ್ಟೇ. ಗುಂಡಿ ಒಳಗೆ ಒತ್ತಿ ಪ್ಲಗ್ ಹಾಕಿದೆ. ಮಿಕ್ಸಿ ಓಡಿತು. ಆಕೆಯ ಮುಖ ನೋಡಬೇಕಿತ್ತು ನೀನು. ಏನೂ ತೆಗೆದುಕೊಳ್ಳದೆ ಕಳಿಸಿದೆ. ಏಣಿಯ ಮೇಲಿದ್ದ ಹುಡುಗ ಇಳಿದು ಬಂದು ಮುಖ ಸಪ್ಪಗೆ ಮಾಡಿಕೊಂಡ.

ಆಕೆ ಮರುವಾರವೇ ನೆಂಟರನ್ನೆಲ್ಲ ಕರೆದುಕೊಂಡು ಬಂದಳು ಅಂತ ಹೇಳಿದರೆ ಸುಳ್ಳಾಗುತ್ತದೆ. 3 ವರ್ಷ ಆಕೆಯ ಸುಳಿವೇ ಇರಲಿಲ್ಲ. ನಾನೂ ಮರೆತಿದ್ದೆ. ಒಂದು ದಿನ ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಂತಿತು. ಮಗನ ಗೃಹಪ್ರವೇಶಕ್ಕೆ ಅಡಿಗೆಮನೆಯ ಸಾಮಾನೆಲ್ಲ ಬೇಕು ಅಂತ ಪಟ್ಟಿ ಹಿಡಿದುಕೊಂಡು ಬಂದವಳು ಅದೇ ಹೆಣ್ಣುಮಗಳು. ಒಂದಕ್ಕೂ ದರ ಕೊಸರಲಿಲ್ಲ. ‘ನೀವು ಹೇಳಿದ್ದು ಕೊಡ್ರಿ’ ಅಂದಳು.

ಈಗ ನಿನ್ನ ಪುಟಕ್ಕೆ ಬರುವವರನ್ನು ನೋಡು. ಮಿಕ್ಸಿ ಇದ್ದಕ್ಕಿದ್ದಂತೆ ನಿಂತಿದೆ, ಒಲೆಯ ಮೇಲೆ ಸಾರು ಕುದಿಯುತ್ತಿದೆ, ಒಬ್ಬ ಹೆಣ್ಣುಮಗಳು ಫೋನ್ ತೆಗೆದು ಮೈಕ್ ಒತ್ತಿ ‘ಮಿಕ್ಸಿ ಯಾಕೆ ಆನ್ ಆಗ್ತಿಲ್ಲ’ ಅಂತ ಕೇಳುತ್ತಾಳೆ. ಆಕೆಗೆ ಸಿಗಬೇಕಾದ ಮೊದಲ ಸಾಲು: ಪ್ಲಗ್ ತೆಗೆಯಿರಿ, ಮಿಕ್ಸಿ ತಣ್ಣಗಾಗಲು ಸ್ವಲ್ಪ ಹೊತ್ತು ಬಿಡಿ, ಬೋರಲು ಹಾಕಿ ಕೆಂಪು ಗುಂಡಿ ಒತ್ತಿ. ಹತ್ತರಲ್ಲಿ ಎಷ್ಟೋ ಮಂದಿಯ ಕೆಲಸ ಅಲ್ಲಿಗೇ ಮುಗಿಯುತ್ತದೆ. ನಿನಗೆ ಕಾಸೂ ಹುಟ್ಟುವುದಿಲ್ಲ. ಹುಟ್ಟದಿರಲಿ. ಮೋಟಾರು ಓಡಿದರೂ ಬ್ಲೇಡು ತಿರುಗದಿದ್ದರೆ, ಜಾರಿನ ಬುಡದ ಕಪ್ಲರ್ ಹಲ್ಲು ಸವೆದಿದೆಯೇ ನೋಡಲು ಹೇಳು. ಸವೆದಿದ್ದರೆ ಅದರ ಲಿಂಕ್ ಕೊಡು. ಸುಟ್ಟ ವಾಸನೆ ಬರುತ್ತಿದ್ದರೆ ಮಾತ್ರ ಮೋಟಾರಿನ ಮಾತು, ರಿಪೇರಿಗೆ ತಗಲುವ ಖರ್ಚಿನ ಮಾತು. ಕೊನೆಯಲ್ಲಿ, ನಿಜವಾಗಿ ಹೊಸದು ಬೇಕಾದವರಿಗೆ, ಹೊಸ ಮಿಕ್ಸಿ. ಅಷ್ಟು ದೂರ ನಿನ್ನ ಜೊತೆ ಬಂದವರು ನಿನ್ನ ಮಾತು ನಂಬಿ ಬಂದಿರುತ್ತಾರೆ. ಅವರು ಕೊಳ್ಳುತ್ತಾರೆ.

ನಿನ್ನ ‘ಈ ವರ್ಷದ 10 ಅತ್ಯುತ್ತಮ ಮಿಕ್ಸಿಗಳು’ ಅನ್ನುವ ಲೇಖನವನ್ನು ನಾನು ಎರಡು ಸಲ ಓದಿದೆ. ದೊಡ್ಡಮ್ಮ ‘ಇದು ಅವಳದ್ದಲ್ಲ’ ಅಂದದ್ದು ಇದನ್ನೇ. ಹತ್ತಕ್ಕೆ ಹತ್ತೂ ‘ಶಕ್ತಿಶಾಲಿ ಮೋಟಾರ್’, ಹತ್ತಕ್ಕೆ ಹತ್ತೂ ‘ಆಕರ್ಷಕ ವಿನ್ಯಾಸ’. ಕಂಪನಿ ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದನ್ನು ಕನ್ನಡ ಮಾಡಿ ಇಟ್ಟಿದ್ದೀಯ. ಹತ್ತರಲ್ಲಿ ನೀನು ಕೈಯಲ್ಲಿ ಹಿಡಿದು ನೋಡಿದ್ದು ಎಷ್ಟು? ನಮ್ಮ ಮನೆಯದೊಂದು, ನಿಮ್ಮ ಮನೆಯದೊಂದು. ಬಾಕಿ ಎಂಟರ ಬಗ್ಗೆ ನೀನು ಹೇಗೆ ಸಾಕ್ಷಿ ಹೇಳುತ್ತೀಯ?

ನನ್ನ ಕೌಂಟರಿನ ಮುಂದೆ ನಿಂತವರು ಯಾರೂ ‘ಅತ್ಯುತ್ತಮ ಯಾವುದು’ ಅಂತ ಕೇಳಲಿಲ್ಲ. ‘ಇಬ್ಬರೇ ಇರೋದು, ಒಂದು ಹಿಡಿ ಕಾಯಿಚಟ್ನಿ ಆಗಬೇಕು, ದೊಡ್ಡ ಜಾರಿನಲ್ಲಿ ಗೋಡೆಗೆ ಮೆತ್ತಿಕೊಂಡು ಕೂತುಬಿಡುತ್ತೆ, ಏನು ಮಾಡೋದು’ ಅಂತ ಕೇಳಿದರು. ‘ಮಗು ಮಲಗಿರುತ್ತೆ, ಸದ್ದು ಕಡಿಮೆ ಇರೋದು ಯಾವುದು’ ಅಂದರು. ‘ಚಿಕ್ಕ ಜಾರಿನ ಬುಡದಿಂದ ನೀರು ಸೋರುತ್ತಲ್ಲ, ವಾಷರ್ ಬೇರೆ ಸಿಗುತ್ತಾ’ ಅಂದರು. ಶೇಂಗಾ ಚಟ್ನಿಪುಡಿಗೆ ಯಾವ ಜಾರು, ದೋಸೆ ಹಿಟ್ಟಿಗೆ ಯಾವುದು, ರಿಪೇರಿ ಬಂದರೆ ನಮ್ಮೂರಲ್ಲಿ ಮಾಡುವವರಿದ್ದಾರಾ. ಇವೇ ಪ್ರಶ್ನೆಗಳು ಮೂವತ್ತು ವರ್ಷ. ಇವಕ್ಕೆ ನಿನ್ನ ಪುಟದಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ.

ವ್ಯಾಟ್ ವಿಚಾರವನ್ನೇ ತೆಗೆದುಕೋ. ವ್ಯಾಟ್ ಹೆಚ್ಚಾದಷ್ಟೂ ನುಣ್ಣಗೆ ರುಬ್ಬುತ್ತದೆ ಅಂತ ಬರೆದಿದ್ದೀಯ. ತಪ್ಪು. ನುಣ್ಣಗಾಗುವುದು ಬ್ಲೇಡಿನ ಹರಿತದಿಂದ, ಜಾರಿನ ಆಕಾರದಿಂದ, ಹಾಕಿದ ನೀರಿನ ಹದದಿಂದ. ವ್ಯಾಟ್ ಹೇಳುವುದು ಮೋಟಾರು ಎಷ್ಟು ಭಾರ ತಡೆಯುತ್ತದೆ ಅನ್ನುವುದನ್ನು. ಚಟ್ನಿ, ಮಸಾಲೆ ಮಾತ್ರ ಸಾಕು ಅನ್ನುವ ಸಣ್ಣ ಮನೆಗೆ 500 ವ್ಯಾಟ್ ಧಾರಾಳ. ಅಕ್ಕಿ, ಉದ್ದನ್ನೂ ಅದರಲ್ಲೇ ರುಬ್ಬುವವರಿಗೆ 750 ಬೇಕು. ಇಷ್ಟು ಹೇಳಿದರೆ ಓದುವವಳು ಒಂದೂವರೆ ಸಾವಿರ ರೂಪಾಯಿ ಉಳಿಸಿಕೊಂಡಾಳು. ನಿನ್ನ ಕಮಿಷನ್ ಆಗ ಕಡಿಮೆಯಾಗುತ್ತದೆ, ಹೌದು. ಆದರೂ ಅದನ್ನೇ ಹೇಳು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇನ್ನೊಂದು ದಾರಿಯನ್ನೂ ನಾನು ತುಳಿದು ನೋಡಿದ್ದೇನೆ. ಒಂದು ಕಂಪನಿಯ ಸೇಲ್ಸ್ ಪ್ರತಿನಿಧಿ ಬಂದು ಟೇಬಲ್‌ಟಾಪ್ ಗ್ರೈಂಡರಿಗೆ ಉಳಿದವರ ಎರಡರಷ್ಟು ಲಾಭಾಂಶ ಕೊಡುತ್ತೇವೆ ಅಂದ. ಆಗ ನಿಮ್ಮ ಅಪ್ಪನ ಓದಿಗೆ ದುಡ್ಡು ಬೇಕಿತ್ತು. ಆರು ತಿಂಗಳಲ್ಲಿ 40 ಗ್ರೈಂಡರ್ ಮಾರಿದೆ. ಬಂದವರಿಗೆಲ್ಲ ಅದನ್ನೇ ಮುಂದೆ ಇಟ್ಟೆ. ಸೊಂಟ ನೋವಿನ ಮುದುಕಿಗೂ ಕೊಟ್ಟೆ. ಹತ್ತು ಕಿಲೋಗೂ ಮೀರಿದ ಆ ವಸ್ತುವನ್ನು ದಿನಾ ಎತ್ತಿ ತೊಳೆಯುವವರು ಯಾರು ಅಂತ ಕೇಳಲಿಲ್ಲ. ವರ್ಷದೊಳಗೆ ಬೆಲ್ಟ್ ಹರಿದು, ಕಲ್ಲಿನ ನಡುವಿನ ಪಿನ್ ಸಡಿಲಾಗಿ ಒಂದೊಂದೇ ವಾಪಸ್ ಬಂದವು. ಪ್ರತಿನಿಧಿಯ ಫೋನು ಬಂದ್. ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿಕೊಟ್ಟೆ. ದುಡ್ಡು ಹೋದದ್ದು ದೊಡ್ಡದಲ್ಲ. ಆ 40 ಮನೆಗಳಲ್ಲಿ ಎಷ್ಟೋ ಮಂದಿ ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ನಿನ್ನ ವ್ಯಾಪಾರದಲ್ಲಿಯೂ ಇದೇ ನಡೆಯುತ್ತದೆ, ನಿನಗೆ ಅವರ ಮುಖ ಕಾಣುವುದಿಲ್ಲ ಅಷ್ಟೇ. ಗಿರಾಕಿ ಮಾಲು ಹಿಂದಿರುಗಿಸಿದರೆ ನಿನ್ನ ಲೆಕ್ಕದಿಂದ ಕಮಿಷನ್ ಕಳೆಯುತ್ತಾರೆ, ಕರಾರಿನಲ್ಲೇ ಇದೆ. ಸುಳ್ಳು ಹೊಗಳಿಕೆಗೆ ಬಂದ ದುಡ್ಡು ನಿಲ್ಲುವುದಿಲ್ಲ. ಇನ್ನೊಂದು: ಅಮೆಜಾನಿನಲ್ಲಿ ನಿನ್ನ ಲಿಂಕ್ ಒತ್ತಿದ ಮೇಲೆ 24 ಗಂಟೆಯೊಳಗೆ ಗಿರಾಕಿ ಕೊಂಡರೆ, ಅಥವಾ ಬುಟ್ಟಿಗೆ ಹಾಕಿಟ್ಟು ಆಮೇಲೆ ಕೊಂಡರೆ ನಿನಗೆ ಲೆಕ್ಕ. ಮದುವೆ ಸಾಮಾನು ಕೊಳ್ಳುವವರು 24 ಗಂಟೆಯಲ್ಲಿ ತೀರ್ಮಾನ ಮಾಡುವುದಿಲ್ಲ, ಅತ್ತೆಯನ್ನು ಕೇಳುತ್ತಾರೆ, ಅಕ್ಕನನ್ನು ಕೇಳುತ್ತಾರೆ. ಮೊದಲ ಸಲ ಓದಿ ಹೋದವರು ಎರಡನೆಯ ಸಲ ನಿನ್ನ ಹೆಸರು ನೆನಪಿಟ್ಟುಕೊಂಡು ಬರುವಂತಿರಬೇಕು. ಹಾಗೆ ಬಂದ ದಿನ ನಿನಗೆ ವ್ಯಾಪಾರ.

ದೊಡ್ಡಮ್ಮ ‘ಇದು ನಮ್ಮ ಹುಡುಗಿಯದೇ’ ಅಂದದ್ದು ಕುಕ್ಕರ್ ಲೇಖನವನ್ನು. ನಿಮ್ಮ ಬಾಡಿಗೆ ಮನೆಯಲ್ಲಿ ಕುಕ್ಕರ್ ಕೂಗದೆ ಬೇಳೆ ತಳ ಹಿಡಿದ ದಿನ ನೀನು ಬರೆದದ್ದು. ರಬ್ಬರ್ ಗಟ್ಟಿಯಾಗಿದೆಯೇ ಎಳೆದು ನೋಡಿ, ವಿಶಲ್ ಕೂರುವ ತೂತಿನಲ್ಲಿ ಬೇಳೆಯ ನೊರೆ ಕಟ್ಟಿಕೊಂಡಿದೆಯೇ ಬೆಳಕಿಗೆ ಹಿಡಿದು ನೋಡಿ, ಮುಚ್ಚಳದ ಅಂಚು ಬಿದ್ದು ಸೊಟ್ಟಗಾಗಿದೆಯೇ ಬೆರಳಾಡಿಸಿ ನೋಡಿ. ನಿನ್ನ ಕೈ ಆಡಿದ್ದು ಓದುವವರಿಗೆ ಕಾಣುತ್ತದೆ. ನೀನೇ ಹೇಳಿದೆ, ಬಂದ ಅಲ್ಪಸ್ವಲ್ಪ ಕಮಿಷನ್ನಿನಲ್ಲಿ ಹೆಚ್ಚಿನದು ಆ ಪುಟದಿಂದಲೇ ಅಂತ. 150 ರೂಪಾಯಿಯ ರಬ್ಬರಿಗೆ ಶೇ 5 ಅಂತ ಇಟ್ಟುಕೊಂಡರೂ ಏಳೂವರೆ ರೂಪಾಯಿ. ಸಣ್ಣದು ಅಂತ ಅದನ್ನು ಬಿಟ್ಟು ದೊಡ್ಡ ಬೆಲೆಯ ಪಟ್ಟಿಗಳಿಗೆ ಓಡಿದ್ದೀಯ. ವಾಪಸ್ ಬಾ. ಆ ಪುಟಕ್ಕೆ ಎರಡು ಮಾತು ಸೇರಿಸು. ಸೇಫ್ಟಿ ವಾಲ್ವ್ ಹಾಕಿಸುವಾಗ ಅದೇ ಕಂಪನಿಯ ಅಸಲಿಯನ್ನೇ ಹಾಕಿಸಬೇಕು. ಕುಕ್ಕರಿಗೆ ಐಎಸ್‌ಐ ಗುರುತು 2021ರ ಫೆಬ್ರವರಿಯಿಂದ ಕಡ್ಡಾಯ. ಆ ಗುರುತಿಲ್ಲದ ಕುಕ್ಕರ್ ಮಾರಾಟಕ್ಕೆ ಬಿಟ್ಟದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನಿನ ದೊಡ್ಡ ದೊಡ್ಡ ಮಾರಾಟ ತಾಣಗಳಿಗೇ 1 ಲಕ್ಷ ರೂಪಾಯಿ ದಂಡ ಹಾಕಿತು. ಅಲ್ಲಿ ಸಿಗುತ್ತದೆ ಅಂದಮಾತ್ರಕ್ಕೆ ಎಲ್ಲವೂ ಸರಿ ಇರುತ್ತದೆ ಅಂದುಕೊಂಡು ಲಿಂಕ್ ಹಾಕಬೇಡ. ಕುಕ್ಕರ್ ಸಿಡಿದರೆ ಸುಡುವುದು ಅಡಿಗೆ ಮಾಡುವವರ ಮೈ.

ಓದುವವರ ನಂಬಿಕೆಯ ಮೇಲೇ ತಾಣ ಕಟ್ಟಿದವರು ಇದ್ದಾರೆ. ಇಂಗ್ಲೆಂಡಿನ ಪತ್ರಕರ್ತ ಮಾರ್ಟಿನ್ ಲೂಯಿಸ್ 2003ರಲ್ಲಿ 100 ಪೌಂಡ್ ಖರ್ಚಿನಲ್ಲಿ ಮನಿಸೇವಿಂಗ್‌ಎಕ್ಸ್‌ಪರ್ಟ್ ಅನ್ನುವ ತಾಣ ಮಾಡಿದರು. ಬ್ಯಾಂಕು, ವಿಮೆ, ಕರೆಂಟು ಬಿಲ್ಲಿನಲ್ಲಿ ಜನ ದುಡ್ಡು ಉಳಿಸುವುದು ಹೇಗೆ ಅನ್ನುವುದಷ್ಟೇ ವಿಷಯ. ಕಮಿಷನ್ ಬರುವ ಲಿಂಕಿನ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು. ಕಮಿಷನ್ ಕೊಡದ ಕಂಪನಿಯದೇ ಒಳ್ಳೆಯದಾಗಿದ್ದರೆ ಅದನ್ನೂ ಪಟ್ಟಿಯಲ್ಲಿ ಹಾಕಿ ನಕ್ಷತ್ರವಿಲ್ಲದ ಲಿಂಕ್ ಕೊಟ್ಟರು. 2012ರಲ್ಲಿ ಆ ತಾಣ 8 ಕೋಟಿ 70 ಲಕ್ಷ ಪೌಂಡ್ ವರೆಗಿನ ಬೆಲೆಗೆ ಮಾರಾಟವಾಯಿತು. ಅಮೆರಿಕದ ಬ್ರಯಾನ್ ಲಾಮ್ 2011ರಲ್ಲಿ ಶುರು ಮಾಡಿದ ವೈರ್‌ಕಟರ್ ಕೂಡ ಹಾಗೆಯೇ: ವಸ್ತುಗಳನ್ನು ತಂದು, ದಿನಗಟ್ಟಲೆ ಬಳಸಿ, ಒಂದನ್ನು ಆರಿಸಿ, ಯಾಕೆ ಅದು ಅಂತ ವಿವರಿಸುವುದು. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಸುಮಾರು 3 ಕೋಟಿ ಡಾಲರಿಗೆ ಕೊಂಡಿತು. ನಿನಗೆ ಕೋಟಿಯ ಆಸೆ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಆ ನಕ್ಷತ್ರದ ಗುರುತನ್ನು ನೋಡು ಅನ್ನುತ್ತಿದ್ದೇನೆ.

ನಿನ್ನ ತಾಣದಲ್ಲಿ ಕಮಿಷನ್ನಿನ ಮಾತು ಇರುವುದು ಎಲ್ಲೋ ಬುಡದಲ್ಲಿ, ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಕನ್ನಡ ಓದುವವರಿಗೆ ಕನ್ನಡದಲ್ಲಿ, ಲೇಖನದ ತಲೆಯ ಮೇಲೇ ಬರೆ: ‘ಇಲ್ಲಿನ ಲಿಂಕಿನ ಮೂಲಕ ಕೊಂಡರೆ ನನಗೆ ಕಮಿಷನ್ ಬರುತ್ತದೆ. ನಿಮಗೆ ಬೆಲೆ ಹೆಚ್ಚಾಗುವುದಿಲ್ಲ.’ ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇದಕ್ಕೆ ನಿಯಮ ಮಾಡಿದೆ, ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಶಿಫಾರಸಿಗೆ ಮೊದಲ ಸಲ 10 ಲಕ್ಷದವರೆಗೆ ದಂಡ ಇದೆ. ದಂಡದ ಹೆದರಿಕೆ ಹಾಗಿರಲಿ, ಅಂಗಡಿಗೆ ಬಂದವರಿಗೆ ‘ಇದರಲ್ಲಿ ನನಗೆ ಇಷ್ಟು ಉಳಿಯುತ್ತದೆ’ ಅಂತ ಬಾಯಿಬಿಟ್ಟು ಹೇಳಿದ ದಿನಗಳಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ವ್ಯಾಪಾರಿ ಲಾಭ ಮಾಡುತ್ತಾನೆ ಅನ್ನುವುದು ಎಲ್ಲರಿಗೂ ಗೊತ್ತು. ಮುಚ್ಚಿಟ್ಟಿದ್ದಾನೆ ಅಂತ ಗೊತ್ತಾದಾಗಲೇ ಸಿಟ್ಟು ಬರುವುದು.

ಬೆಲೆಯನ್ನು ಲೇಖನದಲ್ಲಿ ಬರೆದಿಡಬೇಡ, ಅದು ದಿನಕ್ಕೊಂದು ಸಲ ಬದಲಾಗುತ್ತದೆ. ನಿನ್ನ ಲಿಂಕಿನಿಂದ ನೀನೇ ಕೊಳ್ಳಬೇಡ, ಅಮೆಜಾನಿನ ಗಿರಾಕಿಗಳ ಅಭಿಪ್ರಾಯವನ್ನು ನಕಲು ಮಾಡಿ ಹಾಕಬೇಡ, ಎರಡೂ ಕರಾರಿಗೆ ವಿರುದ್ಧ. ಕಮಿಷನ್ ಮೇಲೆ ಹಿಡಿದ ತೆರಿಗೆಯನ್ನು ನೋಡಿಕೊಂಡು ವರ್ಷದ ರಿಟರ್ನಿನಲ್ಲಿ ತೋರಿಸು.

ಇನ್ನು ಗೂಗಲ್. ನಿನ್ನ ಇನ್ನೊಂದು ಕೊರಗು ಅದರದ್ದು. 2022ರ ಆಗಸ್ಟಿನಲ್ಲಿ ಗೂಗಲ್ ಹುಡುಕಾಟದಲ್ಲಿ ಒಂದು ಬದಲಾವಣೆ ತಂದಿತು. ಜನಕ್ಕೆ ಉಪಯೋಗವಾಗಲೆಂದು ಬರೆದದ್ದನ್ನು ಮೇಲೆ ತರುವುದು, ಮೇಲೆ ಬರಲೆಂದೇ ಬರೆದದ್ದನ್ನು ಕೆಳಗೆ ತಳ್ಳುವುದು. ಡಿಸೆಂಬರಿನ ಹೊತ್ತಿಗೆ ಎಲ್ಲ ಭಾಷೆಗಳಿಗೂ ಅನ್ವಯಿಸಿತು. ಬರೆದವರಿಗೆ ಸ್ವಂತ ಅನುಭವ ಇದೆಯೇ ಅನ್ನುವುದೂ ಅದೇ ತಿಂಗಳು ಅವರ ಅಳತೆಗೋಲಿನಲ್ಲಿ ಸೇರಿತು. 2024ರ ಮಾರ್ಚಿನಲ್ಲಿ ಯಂತ್ರದಿಂದಲೋ ಕೈಯಿಂದಲೋ ರಾಶಿಗಟ್ಟಲೆ ತಯಾರಿಸಿ ಸುರಿಯುವ ಬರಹಕ್ಕೆ ಕಡಿವಾಣ ಹಾಕಿದರು. ಈ ಬದಲಾವಣೆಗಳಲ್ಲಿ ಪ್ರಾಮಾಣಿಕವಾಗಿ ಬರೆಯುತ್ತಿದ್ದ ಕೆಲವು ತಾಣಗಳೂ ಓದುಗರನ್ನು ಕಳೆದುಕೊಂಡವು, ಅದೂ ನಿಜ. ಕಮಿಷನ್ನಿನ ದರವೂ ಅಷ್ಟೇ: ಅಮೆರಿಕದಲ್ಲಿ 2020ರ ಏಪ್ರಿಲಿನಲ್ಲಿ ಅಮೆಜಾನ್ ಪೀಠೋಪಕರಣದ ಕಮಿಷನ್ನನ್ನು ಶೇ 8ರಿಂದ ಶೇ 3ಕ್ಕೆ ಇಳಿಸಿತು. ಅವೆರಡೂ ನಿನ್ನ ಕೈಯಲ್ಲಿಲ್ಲ. ನಿನ್ನ ಕೈಯಲ್ಲಿರುವುದು ಓದಿದವರ ನೆನಪು. ‘ಆ ಹುಡುಗಿ ಏನು ಬರೆದಿದ್ದಾಳೆ ನೋಡೋಣ’ ಅಂತ ನೇರವಾಗಿ ಬರುವವರು, ತಂಗಿಗೆ ವಾಟ್ಸಾಪಿನಲ್ಲಿ ಕಳಿಸುವವರು ಹತ್ತು ಮಂದಿ ಇದ್ದರೂ ಅವರನ್ನು ಯಾರೂ ಕಿತ್ತುಕೊಳ್ಳಲಾರರು.

ಕನ್ನಡದಲ್ಲಿ ಬರೆಯುವವಳಿಗೆ ಇನ್ನೊಂದು ಅನುಕೂಲ ಇದೆ, ನೀನದನ್ನು ಗಮನಿಸಿಲ್ಲ. ಮಿಕ್ಸಿ ಡಬ್ಬಿಯೊಳಗಿನ ಪುಸ್ತಕ ತೆಗೆದು ನೋಡು. ಇಂಗ್ಲಿಷ್ ಇರುತ್ತದೆ, ಕೆಲವದರಲ್ಲಿ ಹಿಂದಿ. ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ಬಿಡಬೇಕು ಅನ್ನುವುದನ್ನು ಓದಿ ತಿಳಿಯಲಾರದೆ ನಮ್ಮ ಹೆಣ್ಣುಮಕ್ಕಳು ಎಷ್ಟು ಮೋಟಾರು ಸುಟ್ಟುಕೊಂಡಿದ್ದಾರೆ, ನಾನು ಕಂಡಿದ್ದೇನೆ. ಇಂಡಕ್ಷನ್ ಒಲೆ ಕೊಂಡು ಮನೆಗೆ ಹೋದ ಮೇಲೆ ಅಲ್ಯುಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದಿಲ್ಲ ಅಂತ ಗೊತ್ತಾಗಿ ಅತ್ತವರಿದ್ದಾರೆ. ಪಾತ್ರೆಯ ತಳಕ್ಕೆ ಒಂದು ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿದರೆ ಸಾಮಾನ್ಯವಾಗಿ ಆಗುತ್ತದೆ, ಅಂಟದಿದ್ದರೆ ಆಗುವುದಿಲ್ಲ. ಇಷ್ಟನ್ನು ಕನ್ನಡದಲ್ಲಿ ಒಂದು ಫೋಟೋ ಹಾಕಿ ಹೇಳು. ಇಂಗ್ಲಿಷಿನಲ್ಲಿ ಇದನ್ನು ಬರೆದವರು ಸಾವಿರ ಮಂದಿ. ನಮ್ಮ ಅಡಿಗೆಮನೆಗೆ ನೀನು ಬೇಕು.

ಈ ವಾರ ಆ ಹತ್ತು ಮಿಕ್ಸಿಗಳ ಲೇಖನ ತೆಗೆದುಬಿಡು. ನೀನು ಬಳಸಿದ ಎರಡರ ಬಗ್ಗೆ ಬರೆ, ಅವುಗಳ ಕೊರತೆಯನ್ನೂ ಬರೆ, ಯಾರು ಅದನ್ನು ಕೊಳ್ಳಬಾರದು ಅಂತಲೂ ಬರೆ. ತಿಂಗಳಿಗೆ ಇಪ್ಪತ್ತು ಬೇಡ, ನಾಲ್ಕು ಸಾಕು.

ಅಂಗಡಿಯ ರಿಪೇರಿ ರಿಜಿಸ್ಟರುಗಳನ್ನು ಅಟ್ಟದಿಂದ ಇಳಿಸಿ ದೂಳು ಹೊಡೆದು ಇಟ್ಟಿದ್ದೇನೆ. ಒಟ್ಟು 14 ಪುಸ್ತಕ. ಯಾವ ವಸ್ತು, ಏನು ತೊಂದರೆ, ಯಾಕೆ ಆಯಿತು, ಏನು ಮಾಡಿದೆವು ಅಂತ ದಿನದಿನವೂ ಬರೆದದ್ದು. ಜನ ಏನು ಕೇಳುತ್ತಾರೆ ಅನ್ನುವುದು ನಿನಗೆ ಬೇರೆಲ್ಲೂ ಇಷ್ಟು ಚೊಕ್ಕವಾಗಿ ಸಿಗದು. ಗಿರಾಕಿಗಳ ಹೆಸರು, ವಿಳಾಸ ಇರುವ ಜಾಗಕ್ಕೆಲ್ಲ ದೊಡ್ಡಮ್ಮ ಕಾಗದ ಅಂಟಿಸುತ್ತಿದ್ದಾಳೆ. ಮುಂದಿನ ಭಾನುವಾರ ಬಂದು ತೆಗೆದುಕೊಂಡು ಹೋಗು.

ಇಂತಿ ನಿನ್ನ,
ದೊಡ್ಡಪ್ಪ